ಸದ್ದಿನ ಜಾಡು

ಹಳೆಯ ಮಹೀಂದ್ರ ಜೀಪಿನ ಅಡಿಯಿಂದ ಬರುವ ಸದ್ದು ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್ಕನನ್ನು ನಾವು ‘ಕಿವಿ ಚುರುಕು’ ಎಂದು ಹೊಗಳಿ ಸುಮ್ಮನಾಗುತ್ತೇವೆ. ಅದು ಅವನ ತರ್ಕಕ್ಕೆ ಮಾಡುವ ಅನ್ಯಾಯ. ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬದಲಾಗುತ್ತದೆ ಎಂಬುದೇ ಅವನಿಗೆ ಮುಖ್ಯ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದಾದರೆ ಶಂಕೆ ಡಿಫರೆನ್ಷಿಯಲ್ ಮೇಲೆ. ಆಗ ಅದರ ಗಿಯರ್ ಹಲ್ಲುಗಳ ಒತ್ತುವ ಮುಖವೇ ಬದಲಾಗಿರುತ್ತದೆ. ತಿರುವಿನಲ್ಲಿ ಗುಂಯ್‌ಗುಡುವಿಕೆ ಜೋರಾದರೆ, ಹೆಚ್ಚು ಭಾರ ಹೊತ್ತ ಹೊರಬದಿಯ ಚಕ್ರದ ಬೇರಿಂಗ್. ರಿವರ್ಸ್‌ಗೆ ಹಾಕಿ ಕ್ಲಚ್ ಬಿಟ್ಟೊಡನೆ ‘ಠಣ್’ ಎಂದರೆ ಮೊದಲು ನೋಡಬೇಕಾದ್ದು ಪ್ರೊಪೆಲ್ಲರ್ ಶಾಫ್ಟಿನ ಯು-ಜಾಯಿಂಟ್.

ಕಬ್ಬಿಣದ ಚಾಸಿಯಲ್ಲಿ ಸದ್ದು ಹರಿದಾಡುತ್ತದೆ, ಕಿವಿ ಮೋಸಹೋಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಹಾಗೆಂದೇ ಅವನು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿ ಓಡಿಸಿ ನೋಡುತ್ತಾನೆ. ಟೂ-ವೀಲ್ ಡ್ರೈವ್‌ನಲ್ಲೂ ಸದ್ದಿದೆ, ಹಾಗಾಗಿ ಮುಂದಿನ ಆಕ್ಸಲ್ ನಿರಪರಾಧಿ ಎನ್ನುವುದು ಅವಸರದ ತೀರ್ಪು: ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಫ್ರೀ-ವೀಲಿಂಗ್ ಹಬ್ ಇಲ್ಲದ ಗಾಡಿಯಲ್ಲಿ ಚಕ್ರಗಳೇ ಮುಂದಿನ ಡಿಫರೆನ್ಷಿಯಲನ್ನು ಸದಾ ತಿರುಗಿಸುತ್ತಿರುತ್ತವೆ. ಇನ್ನು, ಒಣ ಡಾಂಬರಿನ ಮೇಲೆ ಫೋರ್-ವೀಲ್ ಹಾಕಿ ಬಿಗಿಯಾಗಿ ತಿರುಗಿಸಿದಾಗಿನ ನರಳಾಟ (ಮಾಲೀಕರನ್ನು ಗಾಬರಿಗೊಳಿಸುವುದು ಬಹುಪಾಲು ಇದೇ) ದೋಷವೇ ಅಲ್ಲ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಅವು ಜಗ್ಗಾಡುತ್ತವೆ. ಲಿವರ್ ಟೂ-ವೀಲ್‌ಗೆ ತಂದರೆ ಸಾಕು.