ಹ್ಯಾರಿ ಕಾಲ್‌ನ ಪಾಪನಿವೇದನೆ



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಮಂದಿ ನಿಂತರೆ ಮೊಬೈಲಿನ ಮಾತು ಬಾರದೆ ಇರುವುದಿಲ್ಲ. 'ನಿನ್ನೆ ಮನೆಯಲ್ಲಿ ಮಿಕ್ಸಿ ಕೆಟ್ಟಿತೆಂದು ಮಾತನಾಡಿಕೊಂಡದ್ದಷ್ಟೇ, ಇಂದು ಬೆಳಿಗ್ಗೆ ಫೋನಿನ ತುಂಬ ಮಿಕ್ಸಿಯ ಜಾಹೀರಾತು' ಎಂದು ಒಬ್ಬರು ಅಚ್ಚರಿಪಡುತ್ತಾರೆ. 'ಕೇಳಿಸಿಕೊಳ್ಳಲಿ ಬಿಡಿ, ನಾವೇನು ಕಳ್ಳರೇ? ಬಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ?' ಎಂದು ಇನ್ನೊಬ್ಬರು ನಕ್ಕುಬಿಡುತ್ತಾರೆ. ತುಸು ತಿಳಿದವರೊಬ್ಬರು 'ಅದನ್ನು ಮನುಷ್ಯರು ಯಾರೂ ಕೇಳುವುದಿಲ್ಲ, ಎಲ್ಲ ಯಂತ್ರದ ಕೆಲಸ' ಎಂದು ಸಮಾಧಾನ ಹೇಳುತ್ತಾರೆ. ಅಲ್ಲಿಗೆ ಚರ್ಚೆ ಮುಗಿದು ಎಲ್ಲರೂ ತಿಂಡಿಗೆಂದು ಮನೆಗೆ ಹೊರಡುತ್ತಾರೆ. ಇಷ್ಟು ಹಗುರವಾಗಿ ನಾವು ಆಡಿ ಬಿಡುವ ಈ ಮಾತುಗಳನ್ನು ಒಂದು ಹಳೆಯ ಚಲನಚಿತ್ರದ ಎದುರು ಇಟ್ಟು ನೋಡಬೇಕೆಂಬುದು ಈ ಬರಹದ ಉದ್ದೇಶ.

ಚಿತ್ರದ ಹೆಸರು 'ದಿ ಕಾನ್ವರ್ಸೇಷನ್', ಅಂದರೆ 'ಸಂಭಾಷಣೆ'. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ತಮ್ಮ ಎರಡು 'ಗಾಡ್‌ಫಾದರ್' ಚಿತ್ರಗಳ ನಡುವೆ ಮಾಡಿದ ಈ ಚಿತ್ರ 1974ರಲ್ಲಿ ತೆರೆಕಂಡು ಅದೇ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಅದು ತೆರೆಗೆ ಬಂದ ಕೆಲವೇ ತಿಂಗಳುಗಳಲ್ಲಿ, ಧ್ವನಿಸುರುಳಿಗಳ ದೆಸೆಯಿಂದಲೇ, ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಗಿ ಬಂತು. ಅಂದು ಕಂಪ್ಯೂಟರ್ ಮನೆಗಳಿಗೆ ಬಂದಿರಲಿಲ್ಲ, ಮೊಬೈಲಿನ ಮಾತಂತೂ ಇರಲಿಲ್ಲ. ಆದರೂ ಇಂದು ನಮ್ಮ ಜೇಬಿನಲ್ಲಿರುವ ಯಂತ್ರದ ಕುರಿತು ಇದಕ್ಕಿಂತ ಆಳವಾಗಿ ಯೋಚಿಸಿದ ಚಿತ್ರವನ್ನು ನಾನು ಕಂಡಿಲ್ಲ.

ಹ್ಯಾರಿ ಕಾಲ್ ಎಂಬಾತ ಬೇರೆಯವರ ಮಾತನ್ನು ಕದ್ದು ಧ್ವನಿಮುದ್ರಿಸುವ ಕಸುಬಿನವನು. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಜೀನ್ ಹ್ಯಾಕ್‌ಮನ್ ಈ ಪಾತ್ರವನ್ನು ಮಾಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರಿನ ನಡುಹಗಲಿನ ಜನಜಂಗುಳಿಯಲ್ಲಿ ಒಬ್ಬ ತರುಣ ಮತ್ತು ಒಬ್ಬ ತರುಣಿ ಸುತ್ತು ಹಾಕುತ್ತ ಮಾತನಾಡುತ್ತಿರುತ್ತಾರೆ. ಜನಸಂದಣಿಗಿಂತ ದೊಡ್ಡ ಮರೆ ಬೇರೆ ಯಾವುದಿದೆ ಎಂಬುದು ಅವರ ನಂಬಿಕೆ. ಹ್ಯಾರಿಯ ಕಡೆಯವರು ಎತ್ತರದ ಕಟ್ಟಡಗಳಿಂದ ಉದ್ದನೆಯ ಮೈಕುಗಳನ್ನು ಅವರತ್ತ ಗುರಿಯಿಟ್ಟಿರುತ್ತಾರೆ. ಇನ್ನೊಬ್ಬ ಕೈಚೀಲ ಹಿಡಿದು ಹಿಂದೆಯೇ ನಡೆಯುತ್ತಾನೆ. ಮೂರು ಸುರುಳಿಗಳಲ್ಲಿ ಅರೆಬರೆಯಾಗಿ ಸಿಕ್ಕ ಮಾತುಗಳನ್ನು ಹ್ಯಾರಿ ತನ್ನ ಕಾರ್ಯಾಗಾರದಲ್ಲಿ ಕುಳಿತು ಒಂದಕ್ಕೊಂದು ಜೋಡಿಸುತ್ತಾನೆ. ಅವರು ಏನು ಮಾತನಾಡುತ್ತಿದ್ದಾರೆ ಎಂದು ಸಹಾಯಕ ಕುತೂಹಲದಿಂದ ಕೇಳಿದರೆ ಹ್ಯಾರಿಗೆ ಸಿಡುಕು. ಮಾತಿನ ಅರ್ಥ ತನಗೆ ಬೇಡ, ಧ್ವನಿ ಸ್ಪಷ್ಟವಾಗಿ ಬಂದರೆ ಸಾಕು ಎಂಬುದು ಅವನ ವೃತ್ತಿಧರ್ಮ. ಆ ಸಹಾಯಕ ಬಾಯಿತಪ್ಪಿ ದೇವರ ನಾಮವನ್ನು ವ್ಯರ್ಥವಾಗಿ ಎತ್ತಿದಾಗ ಮಾತ್ರ ಹ್ಯಾರಿಯ ಮನಸ್ಸಿಗೆ ನೋವಾಗುತ್ತದೆ. ಹಾಗೆ ಆಡಬೇಡ ಎಂದು ಗದರುತ್ತಾನೆ. ಏಕೆಂದರೆ ಹ್ಯಾರಿ ಕಥೋಲಿಕ ವಿಶ್ವಾಸಿ, ಅದೂ ನಿಷ್ಠಾವಂತ.

ಚಿತ್ರದ ಮಧ್ಯದಲ್ಲಿ ಹ್ಯಾರಿ ಪಾಪನಿವೇದನೆಗೆ ಹೋಗುವ ಒಂದು ಕಿರು ದೃಶ್ಯವಿದೆ. ನಮ್ಮ ಮನೆಗಳಲ್ಲಿ ಈ ಚಿತ್ರವನ್ನು ನೋಡುವವರು ಆ ಎರಡು ನಿಮಿಷಗಳಿಗಾದರೂ ಟಿ.ವಿ.ಯ ಮುಂದೆ ಸುಮ್ಮನೆ ಕುಳಿತುಕೊಳ್ಳಬೇಕು. ಜಾಲರಿಯ ಆಚೆ ಗುರುಗಳು ಮಸುಕು ಮಸುಕಾಗಿ ಕಾಣುತ್ತಾರೆ. ದೇವರ ನಾಮವನ್ನು ವ್ಯರ್ಥವಾಗಿ ಬಳಸಿದ್ದು, ದುಡ್ಡು ಕೊಡದೆ ದಿನಪತ್ರಿಕೆ ಎತ್ತಿಕೊಂಡದ್ದು, ಕೆಟ್ಟ ಆಲೋಚನೆಗಳಲ್ಲಿ ಸುಖಪಟ್ಟದ್ದು, ಹೀಗೆ ಒಂದೊಂದಾಗಿ ಹೇಳುತ್ತ ಬಂದವನು ಕೊನೆಗೆ, ತಾನು ಮಾಡಿದ ಕೆಲಸವೊಂದರಿಂದ ಇಬ್ಬರು ಎಳೆಯರಿಗೆ ಕೇಡಾಗಬಹುದು, ಹಿಂದೆಯೂ ಹೀಗಾಗಿದೆ ಎನ್ನುತ್ತಾನೆ. ಮರುಕ್ಷಣವೇ, ಅದಕ್ಕೆ ತಾನು ಹೊಣೆಯಲ್ಲ ಎಂದು ಒತ್ತಿ ಹೇಳುತ್ತಾನೆ. ದಿನಪತ್ರಿಕೆಯ ಚಿಲ್ಲರೆ ಕಳ್ಳತನಕ್ಕೆ ಪಶ್ಚಾತ್ತಾಪವಿದೆ. ಹಿಂದೊಮ್ಮೆ ಅವನ ಸುರುಳಿಯ ಫಲವಾಗಿ ಒಂದು ಕುಟುಂಬದ ಮೂವರು ಕೊಲೆಯಾಗಿದ್ದರು. ಅದಕ್ಕೆ ಅವನಲ್ಲಿ ಇರುವುದು ವಿವರಣೆ ಮಾತ್ರ. ಕೊಪ್ಪೊಲಾ ಇಲ್ಲಿ ಹ್ಯಾರಿಯನ್ನು ಹೀಯಾಳಿಸುವುದಿಲ್ಲ. ಅವನು ದುಷ್ಟನಲ್ಲ, ಹಣದಾಸೆಯವನೂ ಅಷ್ಟಾಗಿ ಅಲ್ಲ. ತಾನು ಒಟ್ಟುಗೂಡಿಸಿದ್ದನ್ನು ಮುಂದೆ ಯಾರು ಯಾವುದಕ್ಕೆ ಬಳಸುತ್ತಾರೆ ಎಂಬುದು ತನ್ನ ವಿಚಾರವಲ್ಲ ಎಂದುಕೊಂಡ ಸಜ್ಜನ ಅವನು. ಇಂದು ನಮ್ಮೂರಿನ ಮಕ್ಕಳು ಎಂಜಿನಿಯರಿಂಗ್ ಓದಿ ದೊಡ್ಡ ದೊಡ್ಡ ಕಂಪನಿಗಳಲ್ಲಿ ಇಂಥದೇ ಮೇಜುಗಳ ಮುಂದೆ ಕುಳಿತಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಆ ದೃಶ್ಯವನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಕೇಳುವುದನ್ನೇ ಕಸುಬಾಗಿಸಿಕೊಂಡ ಹ್ಯಾರಿ ಇಲ್ಲಿ ಮಾತ್ರ ಹೇಳುವವನಾಗಿದ್ದಾನೆ, ಕಿವಿಗೊಟ್ಟವರು ಗುರುಗಳು. ಎರಡೂ ಕೇಳುವಿಕೆಯೇ, ಆದರೆ ನಡುವೆ ಅಜಗಜಾಂತರ. ಪಾಪನಿವೇದನೆಯ ಗೋಪ್ಯತೆಯನ್ನು ಮುರಿಯಬಾರದೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ವಿಧಿಸಿತ್ತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 983ನೆಯ ವಿಧಿ ಅದನ್ನೇ ಹೇಳುತ್ತದೆ. ನಡುವೆ ನಿಂತು ಭಾಷಾಂತರಿಸಿದವರೂ, ಯಾವುದೇ ರೀತಿಯಲ್ಲಿ ಅದು ಕಿವಿಗೆ ಬಿದ್ದವರೂ ಈ ಕಟ್ಟಿಗೆ ಒಳಪಟ್ಟವರು. ಪಾಪನಿವೇದನೆಯನ್ನು ಯಂತ್ರದಿಂದ ಧ್ವನಿಮುದ್ರಿಸುವುದನ್ನು ವ್ಯಾಟಿಕನ್ 1988ರಲ್ಲಿ ಬಹಿಷ್ಕಾರಕ್ಕೆ ಗುರಿಯಾಗುವ ಅಪರಾಧವೆಂದು ಸಾರಿತು. ಇವು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಸಂಗತಿಗಳು. ಅಷ್ಟಾಗಿ ಗೊತ್ತಿಲ್ಲದ್ದು ಅದರ ಮರುವಿಧಿ, 984. ಪಾಪನಿವೇದನೆಯಿಂದ ತಿಳಿದದ್ದನ್ನು ಗುರು ಪಾಪನಿವೇದಕನಿಗೆ ತೊಂದರೆಯಾಗುವಂತೆ ಬಳಸಲೇಬಾರದು, ಹೊರಗೆ ಬಯಲಾಗುವ ಅಪಾಯ ಎಳ್ಳಷ್ಟೂ ಇಲ್ಲದಿದ್ದರೂ ಬಳಸಬಾರದು ಎಂದು ಅದು ನಿಷೇಧಿಸುತ್ತದೆ. ಅಧಿಕಾರದಲ್ಲಿರುವವರು ಹಾಗೆ ತಿಳಿದದ್ದನ್ನು ಆಡಳಿತದ ಕೆಲಸಕ್ಕೂ ತರುವಂತಿಲ್ಲ.

ಓದುಗರು ಈ ವ್ಯತ್ಯಾಸವನ್ನು ಗಮನಿಸಬೇಕು. ಬಯಲು ಮಾಡಬಾರದು ಎಂಬುದು ಒಂದು. ಬಳಸಬಾರದು ಎಂಬುದು ಇನ್ನೊಂದು. ಅಂಗಳದ ನಮ್ಮ ಮಾತುಕತೆಯಲ್ಲಿ ಮೊದಲನೆಯದಷ್ಟೇ ಇರುತ್ತದೆ. 'ಬಚ್ಚಿಡಲು ಏನಿದೆ' ಎನ್ನುವಾಗ ಗುಟ್ಟು ರಟ್ಟಾಗುವ ಭಯವೊಂದನ್ನೇ ನಾವು ಲೆಕ್ಕಕ್ಕೆ ತೆಗೆದುಕೊಂಡಿರುತ್ತೇವೆ. 'ಯಂತ್ರ ತಾನೇ, ಮನುಷ್ಯರಲ್ಲವಲ್ಲ' ಎನ್ನುವುದೂ ಅದೇ ಲೆಕ್ಕ. ನಿಮ್ಮ ಮಾತನ್ನು ಯಾರೂ ಯಾರಿಗೂ ಹೇಳದಿರಬಹುದು. ಆದರೂ ಅದರಿಂದ ನಿಮ್ಮ ಬೆಲೆ ಕಟ್ಟಬಹುದು. ನೀವು ಯಾವ ಗಳಿಗೆಯಲ್ಲಿ ದುರ್ಬಲರಾಗಿರುತ್ತೀರಿ ಎಂದು ಅಳೆದು ಆ ಗಳಿಗೆಯಲ್ಲೇ ಸಾಲದ ಜಾಹೀರಾತನ್ನು ಕಣ್ಣಮುಂದೆ ತರಬಹುದು. ಮಿಕ್ಸಿಯ ಜಾಹೀರಾತಿಗೆ ಫೋನು ಕಿವಿಗೊಟ್ಟು ಕೇಳಬೇಕಾದ ಅಗತ್ಯವೂ ಇಲ್ಲ. ಮನೆಯವರೊಬ್ಬರು ಹುಡುಕಿದ ಪದ, ಹೋದ ಅಂಗಡಿ, ಕೊಟ್ಟ ದೂರವಾಣಿ ಸಂಖ್ಯೆ, ಇಷ್ಟು ಸಾಕು.

2021ರ ಜನವರಿಯಲ್ಲಿ ವಾಟ್ಸ್‌ಆಪ್ ತನ್ನ ನಿಬಂಧನೆಗಳನ್ನು ಒಪ್ಪಿಕೊಳ್ಳಿ ಎಂದು ಎಲ್ಲರ ಫೋನಿಗೂ ಸೂಚನೆ ಕಳುಹಿಸಿದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಒಂದು ವಾರ ಎಲ್ಲೆಲ್ಲೂ ಸಿಗ್ನಲ್, ಟೆಲಿಗ್ರಾಮ್‌ಗಳದ್ದೇ ಸುದ್ದಿ. ನಮ್ಮ ಸಂದೇಶಗಳನ್ನು ಓದುತ್ತಾರಂತೆ ಎಂಬುದು ಅಂದಿನ ಹೆದರಿಕೆಯಾಗಿತ್ತು. ಅದು ತಪ್ಪು ಹೆದರಿಕೆ. ಆ ಸಂದೇಶಗಳು 2016ರಿಂದಲೇ ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲಂತೆ ಗೂಢಲಿಪಿಗೆ ಒಳಪಟ್ಟಿದ್ದವು. ನೀವು ಯಾರೊಡನೆ, ಎಷ್ಟು ಹೊತ್ತಿಗೆ, ಎಷ್ಟು ಬಾರಿ ಸಂಪರ್ಕದಲ್ಲಿದ್ದೀರಿ ಎಂಬುದಕ್ಕೆ ಆ ಗೂಢಲಿಪಿಯ ಮುಸುಕಿಲ್ಲ. ಅದರ ಬಳಕೆಯ ಕುರಿತು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅಂಗಳದಲ್ಲಿ ಯಾರೂ ಕೇಳಿದಂತೆ ತೋರಲಿಲ್ಲ. ವಾರ ಕಳೆದ ಮೇಲೆ ಎಲ್ಲರೂ 'ಒಪ್ಪಿಗೆ' ಒತ್ತಿ ಹಿಂದಿರುಗಿದರು. ನಾನೂ ಒತ್ತಿದೆ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಮೊದಲಿಗರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತಾರು ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಅದು ಮೂಲಭೂತ ಹಕ್ಕು ಎಂದು ತೀರ್ಪಿತ್ತರು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಯಾವ ಉದ್ದೇಶಕ್ಕೆಂದು ಹೇಳಿ ಒಪ್ಪಿಗೆ ಪಡೆದರೋ ಅದಕ್ಕೇ ಮಾಹಿತಿಯನ್ನು ಬಳಸಬೇಕು ಎಂಬ ತತ್ತ್ವ ಅದರಲ್ಲಿದೆ. ಸರ್ಕಾರಕ್ಕೆ ಅದು ಕೊಟ್ಟಿರುವ ವಿನಾಯಿತಿಗಳು ಅಗಲವಾದುವು. ಆ ಚರ್ಚೆ ಈ ಪುಟಗಳಲ್ಲಿ ಬೇರೆಯೇ ನಡೆಯಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು.

ಮತ್ತೆ ಚಿತ್ರಕ್ಕೆ ಬರೋಣ. ಕಥೆಯ ಕೊನೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ, ಕ್ಷಮಿಸಬೇಕು. ಅವಕಾಶ ಸಿಕ್ಕರೆ ಆತ ನಮ್ಮನ್ನು ಕೊಂದಾನು ಎಂಬ ಅರ್ಥದ ಒಂದು ವಾಕ್ಯ ಸುರುಳಿಯಲ್ಲಿದೆ. ಹ್ಯಾರಿ ಅದನ್ನು ಮತ್ತೆ ಮತ್ತೆ ಕೇಳಿ, ಆ ಜೋಡಿ ಪ್ರಾಣಭಯದಲ್ಲಿದೆ, ತನ್ನನ್ನು ಕೆಲಸಕ್ಕಿಟ್ಟ ಸಂಸ್ಥೆಯ ಮುಖ್ಯಸ್ಥ ಅವರನ್ನು ಕೊಲ್ಲಲಿದ್ದಾನೆ ಎಂದು ನಿರ್ಧರಿಸುತ್ತಾನೆ. ಕೊಲೆಯಾಗುವುದು ಆ ಮುಖ್ಯಸ್ಥನೇ. ಸಂಚು ಹೂಡಿದ್ದವರು ಅವರೇ. ಒತ್ತು 'ಕೊಂದಾನು' ಎಂಬುದರ ಮೇಲಿದ್ದಾಗ ಭಯವೆನಿಸಿದ ವಾಕ್ಯ, ಒತ್ತು 'ನಮ್ಮನ್ನು' ಎಂಬುದರ ಮೇಲೆ ಬಿದ್ದಾಗ ನೆಪವಾಗುತ್ತದೆ. ದೇಶದ ಅತ್ಯುತ್ತಮ ಕಿವಿಯೆಂದು ಹೆಸರಾದವನು ಪ್ರತಿಯೊಂದು ಅಕ್ಷರವನ್ನೂ ಸರಿಯಾಗಿ ಕೇಳಿಸಿಕೊಂಡು ಇಡೀ ಮಾತನ್ನು ತಪ್ಪಾಗಿ ತಿಳಿದ. ಕೊನೆಯಲ್ಲಿ ನಮಗೆ ಕೇಳಿಸುವ ವಾಕ್ಯದ ಉಚ್ಚಾರಣೆಯೇ ಬೇರೆ, ಇದು ಪ್ರೇಕ್ಷಕರಿಗೆ ಮಾಡಿದ ಮೋಸ ಎಂದು ಆಕ್ಷೇಪಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಅಲ್ಲಿಯವರೆಗೆ ನಾವು ಕೇಳಿದ್ದು ಹ್ಯಾರಿಯ ಕಿವಿಯಿಂದ.

ಫೋನಿನ ಮಾಹಿತಿಯೂ ಹೀಗೆಯೇ. ಒಬ್ಬರ ಫೋನು ಪ್ರತಿ ಸೋಮವಾರ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೂರು ಗಂಟೆ ಇರುತ್ತದೆ ಎಂಬುದು ಯಂತ್ರಕ್ಕೆ ಖಚಿತವಾಗಿ ಗೊತ್ತು. ಆಕೆ ರೋಗಿಯೋ, ರೋಗಿಯ ತಾಯಿಯೋ, ರೋಗಿಗಳನ್ನು ಸಂತೈಸಲು ಹೋಗುವ ಸಿಸ್ಟರೋ ಎಂಬುದು ಆ ಗುರುತಿನಲ್ಲಿಲ್ಲ. ಆದರೆ ವಿಮೆಯ ಕಂತು ಅಥವಾ ಸಾಲದ ಅರ್ಜಿ ಒತ್ತು ಎಲ್ಲಿದೆ ಎಂದು ಕೇಳಿ ತಿಳಿಯುವಷ್ಟು ತಾಳ್ಮೆಯುಳ್ಳದ್ದಲ್ಲ. ಬಚ್ಚಿಡಲು ಏನೂ ಇಲ್ಲದವರಿಗೂ ತಪ್ಪಾಗಿ ತಿಳಿಯಲ್ಪಡುವ ಅಪಾಯ ಇದ್ದೇ ಇದೆ.

ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ಮಂಜು ಮುಸುಕಿದ ಕನಸಿನಲ್ಲಿ ಹ್ಯಾರಿ ತನ್ನ ಬಾಲ್ಯದ ಕಾಯಿಲೆ, ಮೈಗೆ ಹಚ್ಚಿದ ಪವಿತ್ರ ತೈಲ ಎಲ್ಲವನ್ನೂ ಬಾಯಿಬಿಟ್ಟು ಹೇಳುವುದು ಅನಗತ್ಯ; ಅವನ ಬಾಗಿಲಿಗೆ ಹಾಕಿದ ಬೀಗಗಳೇ ಅದನ್ನೆಲ್ಲ ಹೇಳಿಯಾಗಿತ್ತು. ಹೆಣ್ಣು ಪಾತ್ರಗಳು ತೆಳುವಾಗಿವೆ. ನಡಿಗೆ ನಿಧಾನ, ಕೆಲವು ಸನ್ನಿವೇಶಗಳು ಮಕ್ಕಳೊಡನೆ ನೋಡುವಂಥವಲ್ಲ.

ಆದರೆ ನಡುವಿನ ಔತಣದ ಪ್ರಸಂಗವನ್ನು ಮರೆಯಲಾಗದು. ಹ್ಯಾರಿ ಒಬ್ಬ ಹೆಣ್ಣಿನೊಡನೆ ಅಪರೂಪಕ್ಕೆ ಮನಸ್ಸು ಬಿಚ್ಚಿ ಆಡಿದ ನಾಲ್ಕು ಮಾತನ್ನು ಅದೇ ಕಸುಬಿನ ಇನ್ನೊಬ್ಬ, ಉಡುಗೊರೆಯಾಗಿ ಕೊಟ್ಟ ಪೆನ್ನಿನೊಳಗಿನ ಮೈಕಿನಿಂದ ಹಿಡಿದು, ಎಲ್ಲರೆದುರು ನುಡಿಸಿ ನಗುತ್ತಾನೆ. ಅದರಲ್ಲಿ ಪಾಪದ ಮಾತಾಗಲೀ ಅಪರಾಧದ ಮಾತಾಗಲೀ ಇಲ್ಲ. ಆದರೂ ಹ್ಯಾರಿಯ ಮುಖ ಸುಟ್ಟಂತಾಗುತ್ತದೆ. 'ತಮಾಷೆಗೆ ಮಾಡಿದೆ' ಎನ್ನುತ್ತಾನೆ ಅವನು.

ನಮ್ಮ ಧರ್ಮಕೇಂದ್ರಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ತಮಾಷೆಗಲ್ಲ, ಪ್ರೀತಿಯಿಂದಲೇ ಇಂಥದು ನಡೆಯುತ್ತದೆ. ಇಂಥವರ ಮಗಳಿಗೆ ಇಂಥ ಕಾಯಿಲೆ, ಇಂಥ ಆಸ್ಪತ್ರೆಯ ಇಷ್ಟನೆಯ ವಾರ್ಡು, ದಯವಿಟ್ಟು ಪ್ರಾರ್ಥಿಸಿ ಎಂಬ ಸಂದೇಶ ಹೊರಟರೆ ಸಂಜೆಯೊಳಗೆ ಅದು ಐದಾರು ಗುಂಪುಗಳನ್ನು ದಾಟಿರುತ್ತದೆ. ಆ ಹುಡುಗಿಯನ್ನು ಯಾರೂ ಕೇಳಿರುವುದಿಲ್ಲ. ಎರಡು ವರ್ಷಗಳ ಅನಂತರ ಆಕೆಗೆ ಮದುವೆಯ ಮಾತು ಬಂದಾಗ, ಪ್ರಾರ್ಥನೆಗೆಂದು ತಿಳಿಸಿದ ವಿಷಯ ಬೇರೆ ಯಾವುದಕ್ಕೋ ಬಳಕೆಯಾಗಿರುತ್ತದೆ. ಮುಂದೆ ಕಳುಹಿಸಿದವರಲ್ಲಿ ಒಬ್ಬೊಬ್ಬರನ್ನೂ ಕೇಳಿದರೆ, ಅದಕ್ಕೆ ತಾವು ಹೊಣೆಯಲ್ಲ ಎಂದೇ ಹೇಳುವರು. ಒಂದು ಲೆಕ್ಕಕ್ಕೆ ಅದು ನಿಜವೂ ಹೌದು. ಹ್ಯಾರಿ ಹೇಳಿದ್ದೂ ಅಷ್ಟೇ ನಿಜ.

ಚಿತ್ರದ ಕೊನೆಯಲ್ಲಿ ಹ್ಯಾರಿಯ ಮನೆಯ ಫೋನು ಸದ್ದು ಮಾಡುತ್ತದೆ. ನಾವು ಕೇಳಿಸಿಕೊಳ್ಳುತ್ತಿದ್ದೇವೆ ಎಂದು ಎಚ್ಚರಿಸಿ, ಆಗತಾನೇ ಅವನು ನುಡಿಸಿದ ಸ್ಯಾಕ್ಸೊಫೋನಿನ ಧ್ವನಿಯನ್ನೇ ಅವನಿಗೆ ಕೇಳಿಸುತ್ತಾರೆ. ಅವನು ಅಡಗಿಸಿಟ್ಟ ಮೈಕನ್ನು ಹುಡುಕಲು ತೊಡಗುತ್ತಾನೆ. ಗೋಡೆಯ ಕಾಗದವನ್ನು ಸುಲಿಯುತ್ತಾನೆ, ನೆಲದ ಹಲಗೆಗಳನ್ನು ಕೀಳುತ್ತಾನೆ. ಎಲ್ಲವನ್ನೂ ಒಡೆದ ಮೇಲೆ ಉಳಿಯುವುದು ಮಾತೆ ಮರಿಯಳ ಒಂದು ಪುಟ್ಟ ಪ್ರತಿಮೆ. ಅದನ್ನು ಕೈಯಲ್ಲಿ ಹಿಡಿದು ಹಿಂಜರಿಯುತ್ತಾನೆ. ಆಮೇಲೆ ಅದನ್ನೂ ಒಡೆಯುತ್ತಾನೆ. ಒಳಗೆ ಏನೂ ಇಲ್ಲ, ಬರಿಯ ಟೊಳ್ಳು. ಮೈಕು ಎಲ್ಲಿತ್ತೆಂದು ಚಿತ್ರ ಹೇಳುವುದಿಲ್ಲ. ಹಾಳಾದ ಮನೆಯ ನಡುವೆ ಅವನು ಕುಳಿತು ಸ್ಯಾಕ್ಸೊಫೋನ್ ನುಡಿಸುತ್ತಿರುವಾಗ ಕ್ಯಾಮರಾ ಮೇಲಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ತಿರುಗುತ್ತಲೇ ಇರುತ್ತದೆ, ಅಂಗಡಿಗಳ ಮೂಲೆಯಲ್ಲಿ ನಾವು ಈಗ ದಿನವೂ ಕಾಣುವ ಕ್ಯಾಮರಾದಂತೆ.