‘ಎಲಿಫೆಂಟ್ ಬಾಯ್’: ಒಂದು ದಾಖಲೆಯಾಗಿ

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ನಿರ್ದೇಶಕರು ಇಬ್ಬರು. ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿಯು ಮೈಸೂರು ಅರಸರ ನೆರವಿನಿಂದ ಹೆಗ್ಗಡದೇವನಕೋಟೆ ಸೀಮೆಯ ಕಾಡಿನಲ್ಲಿ ಆನೆಗಳನ್ನೂ ಖೆಡ್ಡಾವನ್ನೂ ಚಿತ್ರಿಸಿದನು. ಕಥಾಭಾಗದ ಬಹ್ವಂಶವನ್ನು ಜೋಲ್ಟನ್ ಕೊರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಪೂರೈಸಿದನು. ಈ ಬೆಸುಗೆ ಕಲಾದೃಷ್ಟಿಯಿಂದ ದೋಷವೇ ಸರಿ. ಆದರೆ ಇತಿಹಾಸದ ವಿದ್ಯಾರ್ಥಿಯು ಕಿಪ್ಲಿಂಗನ ಕಥೆಯನ್ನು (ಅದರ ದೊರೆತನದ ಧೋರಣೆ ಸರ್ವವಿದಿತ) ಬದಿಗಿರಿಸಿ ಫ್ಲಾಹರ್ಟಿಯ ದೃಶ್ಯಗಳನ್ನಷ್ಟೇ ದಾಖಲೆಯೆಂದು ಪರಿಗಣಿಸತಕ್ಕದ್ದು. ಏಕೆಂದರೆ 1971ರ ಬಳಿಕ ಖೆಡ್ಡಾ ನಡೆಯಲಿಲ್ಲ. ಕಾಕನಕೋಟೆಯ ಆ ನೆಲವೂ ಕಬಿನಿ ಜಲಾಶಯದಲ್ಲಿ ಮುಳುಗಿತು. ದಾಖಲೆಯಾದರೂ ಪೂರ್ಣವಲ್ಲ. ಕಾರಾಪುರದ ಮಾವುತನ ಮಗ ಸಾಬುವಿನ ಹೆಸರು ಲೋಕವಿಖ್ಯಾತವಾಯಿತು. ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದು ದುಡಿದ ಜೇನುಕುರುಬರಲ್ಲಿ ಒಬ್ಬನ ಹೆಸರನ್ನೂ ಚಿತ್ರ ನಮಗೆ ಉಳಿಸಿಕೊಟ್ಟಿಲ್ಲ.