ತೊಟ್ಟಿಲು ತೂಗುವ ಲಯ

ಯೆರವಡಾ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜೈಲು. 1932ರಲ್ಲಿ ಗಾಂಧೀಜಿ ಉಪವಾಸ ಕೂತದ್ದು ಇಲ್ಲಿಯೇ. ಗದಗಕ್ಕೆ ಹೋದಾಗ ‘ಯೆರವಡಾದಾಗ ಇದ್ದೀನಿ’ ಅಂದರೆ ‘ಯಾವಾಗ ಬಿಡ್ತಾರ?’ ಎಂದು ನಗುವವರು ಈಗಲೂ ಇದ್ದಾರೆ. ನಮ್ಮದು ಮೂರನೇ ಮಹಡಿಯ ಮನೆ. ತಲೆಯ ಮೇಲೆ ಲೋಹಗಾಂವ್‌ಗೆ ಇಳಿಯುವ ವಿಮಾನ, ಕೆಳಗೆ ನಗರ ರೋಡಿನ ಹಾರ್ನು. ನಮ್ಮ ಗದಗಿನಿಂದ ಬಂದ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದ ಊರು ಪುಣೆ. ಅಂಥ ಊರಿನಲ್ಲಿದ್ದು ನಾನು ಫ್ರಾನ್ಸಿನ ಪಿಯಾನೋದ ಬಗ್ಗೆ ಬರೆಯಹೊರಟದ್ದಕ್ಕೆ ಕಾರಣ ನನ್ನ ಅವ್ವ.

ಆ ಕೃತಿಯ ಹೆಸರು ‘ಡಾಲಿ’. ಗೇಬ್ರಿಯಲ್ ಫೋರೆ 1893ರಿಂದ 1896ರ ನಡುವೆ ಕೂಡಿಸಿದ ಆರು ಪುಟ್ಟ ರಚನೆಗಳ ಗುಚ್ಛ. ಎಮ್ಮಾ ಬಾರ್ಡಾಕ್ ಎಂಬ ಗಾಯಕಿಯ ಮಗಳು ಎಲೆನ್. ಮನೆಯಲ್ಲಿ ಕರೆಯುವ ಹೆಸರು ಡಾಲಿ. ಹುಟ್ಟುಹಬ್ಬಕ್ಕೊಂದು, ಹೊಸ ವರ್ಷಕ್ಕೊಂದು ಎಂದು ಆ ಕೂಸಿಗೆ ಕೊಟ್ಟ ಉಡುಗೊರೆಗಳಿವು. ಮೊದಲನೆಯದು ಜೋಗುಳ. ಅದೂ ಹೊಸದಲ್ಲ, 1864ರಲ್ಲಿ ಬೇರೊಂದು ಕೂಸಿಗೆಂದು ಬರೆದದ್ದನ್ನೇ ಫೋರೆ ತೆಗೆದು ಡಾಲಿಗೆ ಕೊಟ್ಟ. ನಮ್ಮಲ್ಲಿ ತೊಟ್ಟಿಲು ಒಂದು ಬಾಣಂತಿ ಮನೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲವೇ, ಹಾಗೆ.

ಇದನ್ನು ಒಂದೇ ಪಿಯಾನೋದ ಮುಂದೆ ಇಬ್ಬರು ಕೂತು ನುಡಿಸಬೇಕು. ನಮ್ಮ ಜುಗಲ್‌ಬಂದಿಯಲ್ಲಿ ವಾದ್ಯ ಎರಡು, ಆಸನ ಎರಡು, ಸವಾಲು–ಜವಾಬು ಉಂಟು. ಇಲ್ಲಿ ಮೊಣಕೈಗೆ ಮೊಣಕೈ ತಾಗುತ್ತದೆ. ರಾಗ ಹೆಚ್ಚಾಗಿ ಬಲಕ್ಕೆ ಕೂತವರ ಕೈಯಲ್ಲಿ. ನಾದವನ್ನು ಹಿಡಿದು ಬಿಡುವ ಪೆಡಲು ಸಾಮಾನ್ಯವಾಗಿ ಎಡಕ್ಕೆ ಕೂತವರ ಕಾಲಿನಲ್ಲಿ. ಒಬ್ಬರು ಹಾಡುತ್ತಾರೆ, ಉಸಿರು ಇನ್ನೊಬ್ಬರದು. ಒಬ್ಬರು ಗೆದ್ದರೆ ಇಬ್ಬರೂ ಸೋತಂತೆ.

ಅವ್ವ ಬಂದಿದ್ದ ದಿನಗಳಲ್ಲಿ ಒಂದು ಭಾನುವಾರ ಸೀಡಿ ಹಾಕಿದ್ದೆ. ಪಕ್ಕದ ಮನೆಯ ಮರಾಠಿ ಕಾಕೂ ಕೂಡ ಬಂದು ಕೂತಿದ್ದರು. ಎರಡನೆಯ ರಚನೆಯ ಹೆಸರು ‘ಮಿಯಾವು’ ಎಂದದ್ದೇ ತಡ, ‘ಮಾಂಜರ್ ಆಹೆ!’ ಎಂದು ಕಾಕೂ ಖುಷಿಪಟ್ಟರು. ಬೆಕ್ಕು ಜಿಗಿಯುವುದು, ಹಾಲಿನ ಪಾತ್ರೆ ಕೆಡವುವುದು ಎಲ್ಲ ಅವರಿಗೆ ಕೇಳಿಸಿತು. ಅಸಲಿಗೆ ಅಲ್ಲಿ ಬೆಕ್ಕೇ ಇಲ್ಲ. ಡಾಲಿಗೆ ಅಣ್ಣ ರಾವುಲ್‌ನ ಹೆಸರು ನಾಲಗೆಗೆ ಹೊರಳದೆ ‘ಮೆಸ್ಸ್ಯೂ ಆವುಲ್’ ಎನ್ನುತ್ತಿದ್ದಳಂತೆ, ಅದೇ ಮಿಯಾವು ಆಯಿತು. ‘ಕಿಟ್ಟಿ’ ಎಂಬ ನಾಲ್ಕನೆಯದೂ ಬೆಕ್ಕಿನ ಮರಿಯದಲ್ಲ, ಕೆಟ್ಟಿ ಎಂಬ ನಾಯಿಯದು. ಹೇಳಿದಾಗ ಕಾಕೂ ಮುಖ ಸಣ್ಣದಾಯಿತು. ನನಗೂ ಹೇಳಬಾರದಿತ್ತು ಅನಿಸಿತು. ಆದರೆ ನನ್ನ ಮಗಳು ಮಾತ್ರ ನಕ್ಕಳು. ಸಣ್ಣವಳಿದ್ದಾಗ ಸೋದರಮಾವನನ್ನು ‘ಸೋಮಾವ’ ಎಂದವಳು ಅವಳು. ಇಂದಿಗೂ ಮನೆಮಂದಿಗೆಲ್ಲ ಅವನು ಸೋಮಾವನೇ. ಅವಳಿಗೆ ಅಲ್ಲಿ ಬೆಕ್ಕೂ ಕಾಣಲಿಲ್ಲ, ಅಣ್ಣನೂ ಕಾಣಲಿಲ್ಲ; ಒಂದು ಮನೆ ಕಂಡಿತು. ಹೆಸರು ಹಿಡಿದು ಕೇಳಿದ ಕಾಕೂಗಿಂತ, ಹೆಸರಿನ ಕತೆ ತಿಳಿದ ನನಗಿಂತ, ಅವಳೇ ಹೆಚ್ಚು ಕೇಳಿಸಿಕೊಂಡಳು ಅಂತ ನನ್ನ ಅಂಬೋಣ.

ಇನ್ನು ಜೋಗುಳದ ವಿಷಯ. ನಾನು ಹಾಕಿದ್ದು ನನ್ನ ಮೆಚ್ಚಿನ ಧ್ವನಿಮುದ್ರಿಕೆ. ಬಹಳ ನಿಧಾನ. ಒಂದೊಂದು ಸ್ವರವೂ ಬಿಡಲಾರದೆ ಬಿಟ್ಟಂತೆ. ಎಷ್ಟೋ ರಾತ್ರಿ ಅದನ್ನು ಕೇಳಿ ನಾನು ಕಣ್ಣು ಒದ್ದೆ ಮಾಡಿಕೊಂಡದ್ದುಂಟು. ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂದಳು: ‘ತಮ್ಮಾ, ಛಲೋ ಅದ. ಆದ್ರ ತೊಟ್ಟಲಾ ಹಿಂಗ ತೂಗಿದ್ರ ಮಲಗಿದ ಕೂಸು ಎದ್ದ ಕೂಡ್ತದ.’

ನನಗೆ ಸ್ವಲ್ಪ ಸಿಟ್ಟೇ ಬಂತು. ಪಿಯಾನೋ ಇವಳಿಗೇನು ಗೊತ್ತು ಎಂದುಕೊಂಡೆ. ರಾತ್ರಿ ಸ್ವರಲಿಪಿ ತೆಗೆದು ನೋಡಿದೆ. ಫೋರೆ ಬರೆದದ್ದು ‘ಅಲೆಗ್ರೆಟ್ಟೊ ಮಾಡೆರಾಟೊ’, ಅಂದರೆ ಹದವಾದ ಚುರುಕು. ನಿಧಾನವೆಂದು ಎಲ್ಲೂ ಇಲ್ಲ. ಮರುದಿನ ರಾಬರ್ಟ್ ಮತ್ತು ಗ್ಯಾಬಿ ಕಸಾದ್ಸ್ಯು ದಂಪತಿ ನುಡಿಸಿದ್ದನ್ನು ಹಾಕಿದೆ. ಅಳು ಇಲ್ಲ, ಎಳೆದಾಟ ಇಲ್ಲ. ಮನೆಗೆಲಸದ ನಡುವೆ ಕೈಚಾಚಿ ತೂಗಿದ ಹಾಗೆ. ಅವಲಕ್ಕಿ ಆರಿಸುತ್ತ ಕೂತಿದ್ದ ಅವ್ವನ ಎಡಗೈ ತಾನಾಗಿಯೇ ಅಲ್ಲಾಡತೊಡಗಿತು. ಐದು ಮಕ್ಕಳನ್ನು ತೂಗಿದ ಕೈ ಅದು. ಅದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ.

ಹಾಗಂತ ನಿಧಾನವೆಲ್ಲ ತಪ್ಪು ಅನ್ನುವಂತಿಲ್ಲ. ಐದನೆಯ ‘ಮಮತೆ’ ಎಂಬ ರಚನೆಗೆ ಸಾವಧಾನವೇ ಜೀವ. ಅಲ್ಲಿ ಅವಸರಿಸಿದವರು ಕೆಟ್ಟರು. ಕೊನೆಯ ಸ್ಪ್ಯಾನಿಷ್ ಕುಣಿತಕ್ಕೆ ಚುರುಕು ಬೇಕು. ನನ್ನ ತಕರಾರು ಇಷ್ಟೇ: ಜೋಗುಳವನ್ನು ಎಳೆದು ನುಡಿಸುವವರು ಕೂಸಿಗಾಗಿ ನುಡಿಸುವುದಿಲ್ಲ. ಬೆಳೆದು ದೊಡ್ಡವರಾಗಿ, ಕೂಸಾಗಿದ್ದ ಕಾಲವನ್ನು ನೆನೆಯುವವರಿಗಾಗಿ ನುಡಿಸುತ್ತಾರೆ. ಬ್ರಿಟನ್ನಿನಲ್ಲೂ ಹೀಗೇ ಆಗಿದೆ. ಬಿಬಿಸಿ ರೇಡಿಯೋದಲ್ಲಿ 1950ರಿಂದ 1982ರವರೆಗೆ ಮಕ್ಕಳಿಗೆ ಕತೆ ಹೇಳುವ ‘ಲಿಸನ್ ವಿತ್ ಮದರ್’ ಬರುತ್ತಿತ್ತು. ಈ ಜೋಗುಳ ಅದರ ಗುರುತಿನ ರಾಗ. ಆ ಕಾಲದ ಮಕ್ಕಳು ಈಗ ಇದನ್ನು ಕೇಳಿದರೆ ಅವರಿಗೆ ಫೋರೆ ಕೇಳಿಸುವುದಿಲ್ಲ, ಮಧ್ಯಾಹ್ನದ ರೇಡಿಯೋ ಕೇಳಿಸುತ್ತದೆ.

ನನ್ನದೂ ಅದೇ ಕತೆ. ಊರು ಬಿಟ್ಟು ಬಂದವರು ಊರನ್ನು ನಿಧಾನ ಮಾಡಿ ಕೇಳುತ್ತೇವೆ. ನನ್ನ ನೆನಪಿನ ಗದಗಿನಲ್ಲಿ ಅವ್ವ ತೊಟ್ಟಿಲ ಮುಂದೆ ಗಂಟೆಗಟ್ಟಲೆ ಕೂತು ಹಾಡುತ್ತಾಳೆ. ನಿಜವಾದ ಗದಗಿನಲ್ಲಿ ಅವಳಿಗೆ ರೊಟ್ಟಿ ಬಡಿಯುವುದಿತ್ತು, ನೀರು ತರುವುದಿತ್ತು. ಅವಳು ಬೇಗ ಬೇಗ ತೂಗಿ ಏಳುತ್ತಿದ್ದಳು. ಕೂಸು ಮಲಗುತ್ತಿದ್ದದ್ದು ಆ ಲಯಕ್ಕೆ.

ಅವ್ವ ಊರಿಗೆ ಹೊರಡುವಾಗ ಕೇಳಿದೆ, ‘ನಮಗ ಯಾವ ಜೋಗುಳ ಹಾಡ್ತಿದ್ದಿ?’ ಅವಳು ಚೀಲ ಕಟ್ಟುತ್ತಲೇ ಅಂದಳು, ‘ನೆನಪಿಲ್ಲೋ. ಯಾವ್ದರೆ ಒಂದು. ನೀ ಲಗೂನ ಮಲಗತಿದ್ದಿ.’